ಒಂದೇ ಪೆಟ್ಟಿಗೆ, ಇಬ್ಬರು ಯಜಮಾನರು

“ಎರಡರಲ್ಲಿ ಯಾವುದ ರಿಪೇರಿ ಮಾಡ್ಲಿ? ಅದ ಮೊದ್ಲು ಯೋಳ್ಬುಡಿ ಅಕ್ಕೋರೆ.”

ಮಹದೇವಸ್ವಾಮಿಯ ಪ್ರಶ್ನೆಯ ತಲೆಬುಡ ಯಶೋಧರಾಗೆ ತಿಳಿಯಲಿಲ್ಲ. ಕೆ.ಆರ್. ಪೇಟೆಯ ಆ ಇಕ್ಕಟ್ಟು ಅಂಗಡಿಯ ಮೇಜಿನ ಮೇಲೆ ಬೆನ್ನಿನ ಮುಚ್ಚಳ ಕಳಚಿಸಿಕೊಂಡು ಬೋರಲು ಮಲಗಿದ್ದುದು ಒಂದೇ ಲ್ಯಾಪ್‌ಟಾಪು. ಅವಳು ತಂದುಕೊಟ್ಟದ್ದೂ ಒಂದೇ.

“ಎರಡು ಎಲ್ಲೈತಪ್ಪ?” ಅಂದಳು.

ಮಹದೇವಸ್ವಾಮಿ ಕೇಳಿದ ಕೂಡಲೇ ಉತ್ತರ ಕೊಡುವ ಆಸಾಮಿಯಲ್ಲ. ಮಾತಿಗೆ ಮುಂಚೆ ಪೀಠಿಕೆ ಬೇಕು ಅವನಿಗೆ. ನಿನ್ನೆ ಫೋನಿನಲ್ಲೇ ರೋಗ ಕೇಳಿಸಿಕೊಂಡು, ಫ್ಯಾನಿಗೆ ಧೂಳು ಕೂತದೆ ಅಷ್ಟೇ ಎಂದು ತೀರ್ಪು ಕೊಟ್ಟಿದ್ದ. ಇವತ್ತು ಬಿಚ್ಚಿ ನೋಡಿದರೆ ಧೂಳೂ ಇಲ್ಲ, ಮಣ್ಣೂ ಇಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ಕಿವಿಯ ಹಿಂದೆ ಕೆರೆದುಕೊಳ್ಳುತ್ತ ಕೂತಿದ್ದ.

ಪಕ್ಕದಲ್ಲಿ ಅಕ್ಷಿತಾ ಉಗುರು ಕಚ್ಚುತ್ತ ನಿಂತಿದ್ದಳು. ಯಶೋಧರಾಳ ಅಣ್ಣನ ಮಗಳು. ಲ್ಯಾಪ್‌ಟಾಪು ಅವಳದು. ಶ್ರೀರಂಗಪಟ್ಟಣದ ಸ್ಟುಡಿಯೋಗಳಿಗೆ ಮದುವೆ ವಿಡಿಯೋ ಎಡಿಟ್ ಮಾಡಿಕೊಡುವುದು ಅವಳ ಕಸುಬು. ಪಾಂಡವಪುರದ ಅಂಗಡಿಯೊಂದರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದ ಈ ಯಂತ್ರಕ್ಕೆ ಈಚೆಗೆ ಹುಚ್ಚು ಹಿಡಿದಿತ್ತು. ಒಂದು ಸಲ ಚಾಲೂ ಮಾಡಿದರೆ ಅಕ್ಷಿತಾಳ ಹೆಸರು, ಅಕ್ಷಿತಾಳ ಕೆಲಸ, ಎಲ್ಲ ಸರಿ. ಇನ್ನೊಂದು ಸಲ ಚಾಲೂ ಮಾಡಿದರೆ ಪರದೆಯ ನಡುವೆ ಯಾರದೋ ಹೆಸರು. ಸಿದ್ದಾರ್ಥ. ಅದರ ಕೆಳಗೆ ಪಾಸ್‌ವರ್ಡ್ ಕೇಳುವ ಖಾನೆ. ಕಿರಂಗೂರಿನ ಮನೆಯಲ್ಲಿ ಆ ಹೆಸರು ಮೊದಲ ಸಲ ಕಂಡಾಗ ಹುಡುಗಿ ಹೆದರಿ ಅತ್ತೆಯ ಕೊಟ್ಟಿಗೆಗೆ ಓಡಿಬಂದಿದ್ದಳು.

ಯಶೋಧರಾ ಆಗ ಹಸುವಿನ ಕೆಚ್ಚಲು ತೊಳೆಯುತ್ತಿದ್ದಳು. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದವಳು, ಮಂಡಿ ನೋವೆಂದು ಅವಧಿಗೆ ಮುಂಚೆ ನಿವೃತ್ತಿ ತಗೊಂಡು ಹಸು ಕಟ್ಟಿಕೊಂಡಿದ್ದಳು. ಸರ್ವೀಸಿನಲ್ಲಿದ್ದಾಗ ಪಂಪ್‌ಸೆಟ್ ಕಳ್ಳರನ್ನು, ಬೈಕ್ ಕಳ್ಳರನ್ನು ಹಿಡಿದಿದ್ದಳು. ಕದ್ದ ಎತ್ತನ್ನು ಹಲ್ಲು, ಮೈಮೇಲಿನ ಸುಳಿ ನೋಡಿ ಗುರುತು ಹಚ್ಚಿದ್ದಳು. ಆದರೆ ಈ ಪೆಟ್ಟಿಗೆಗೆ ಹಲ್ಲಿಲ್ಲ, ಸುಳಿಯಿಲ್ಲ. ಯಾವ ಕಡೆಯಿಂದ ಹಿಡಿಯಬೇಕೆಂದೇ ಅವಳಿಗೆ ತೋಚಿರಲಿಲ್ಲ.

ಸಲಹೆಗೇನೂ ಕೊರತೆಯಿರಲಿಲ್ಲ. ನಾಗಮಂಗಲದ ರಿಪೇರಿಯವನು ಎರಡು ಗುಂಡಿ ಒತ್ತಿ, ಬೋರ್ಡೇ ಹೋಗಿದೆ, ಗುಜರಿಗೆ ಹಾಕಿ ಹೊಸದು ತಗೊಳ್ಳಿ ಎಂದಿದ್ದ. ಸ್ಟುಡಿಯೋದ ಯಜಮಾನರು, ಹಳೇದರ ಸಹವಾಸವೇ ಬೇಡ ಎಂದಿದ್ದರು. ವಿಚಿತ್ರವೆಂದರೆ ಪಾಂಡವಪುರದಲ್ಲಿ ಇದನ್ನು ಮಾರಿದ್ದ ಕುಮಾರನ ಮಾತು. ದಿನ ಬೆಳಗಾದರೆ ಅವನ ಫೋನು. ತಂದುಕೊಡಿ, ಇದಕ್ಕಿಂತ ಚೆನ್ನಾಗಿರೋದು ಕೊಡ್ತೀನಿ, ಮೇಲೆ ಏನೂ ಕೊಡಬೇಡಿ.

ಮಾರಿದ ಮಾಲನ್ನು ವಾಪಸು ಕೊಡಿ ಎಂದು ಅಂಗಡಿಯವನು ಗಿರಾಕಿಯ ದುಂಬಾಲು ಬಿದ್ದದ್ದನ್ನು ಯಶೋಧರಾ ಹುಟ್ಟಿದಾರಭ್ಯ ಕಂಡಿರಲಿಲ್ಲ. ಆ ಒಂದು ಕಾರಣಕ್ಕೇ ಅವಳು ಹಾಲಿನ ಕ್ಯಾನು ಸಾಗಿಸುವ ಹಳೇ ವ್ಯಾನು ಹತ್ತಿ ಹೊರಟುಬಂದಿದ್ದಳು.

“ಇಲ್ನೋಡಿ,” ಎಂದು ಮಹದೇವಸ್ವಾಮಿ ಕೊನೆಗೂ ಶುರುಮಾಡಿದ. “ಇದು ಇದರ ಜೊತೇಲೇ ಬಂದಿದ್ದ ಹಳೇ ಡಿಸ್ಕು. ಇದು ಆಮೇಕೆ ಯಾರೋ ಕೂರ್ಸಿರೋ ಹೊಸ ಡಿಸ್ಕು. ಇದರಲ್ಲಿ ಒಂದು ಸಂಸಾರ, ಅದರಲ್ಲಿ ಒಂದು ಸಂಸಾರ. ಒಂದೇ ಪೆಟ್ಟಿಗೆ, ಇಬ್ಬರು ಯಜಮಾನ್ರು.”

ಉಳಿದದ್ದನ್ನು ಅವನು ಬೆರಳಿಟ್ಟು ತೋರಿಸಿದ. ಹಳೇ ಡಿಸ್ಕಿನಿಂದ ಹೊರಟ ಚಪ್ಪಟೆ ರಿಬ್ಬನ್ ವೈರಿನ ಕೊಂಡಿ ಸಡಿಲವಾಗಿತ್ತು. ಅದು ಅಲುಗಿ ತಗುಲಿಕೊಂಡಾಗ ಯಂತ್ರ ಮೊದಲು ಹಳೇ ಯಜಮಾನನ ಮನೆಗೆ ಹೋಗುತ್ತದೆ. ಬಿಟ್ಟುಕೊಂಡಾಗ ಅಕ್ಷಿತಾಳ ಮನೆಗೆ. ಬೋರ್ಡು ನೆಟ್ಟಗಿದೆ, ಬ್ಯಾಟರಿ ನೆಟ್ಟಗಿದೆ. ರೋಗ ಇಷ್ಟೇ.

“ಹಳೇದ ಕಿತ್ತಾಕುದ್ರೆ ಈ ಕೂಸಿನ ಕೆಲ್ಸ ಸಲೀಸು. ಬಿಗಿ ಮಾಡುದ್ರೆ ಸಿದ್ದಾರ್ಥ ಎದ್ದು ಕೂತ್ಕತಾನೆ.” ಅವನು ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. ಮೇಜಿನ ಮೇಲಿದ್ದ ಕೈ ಹಿಂದಕ್ಕೆ ಹೋಯಿತು.

ಯಶೋಧರಾ ಅದನ್ನು ಗಮನಿಸಿದಳು. “ಯಾಕಪ್ಪ, ಗೊತ್ತಿರೋನಾ?”

ಅವನು ಗೊತ್ತು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಆ ಹೆಸರಿನವರು ಊರಿಗೊಬ್ಬರು ಇರುತ್ತಾರೆ ಎಂದ. ಆಮೇಲೆ ತಾನಾಗಿಯೇ ಬಾಯಿಬಿಟ್ಟ. ಸಂತೆಬಾಚಹಳ್ಳಿಯಲ್ಲಿ ಒಬ್ಬ ಸಿದ್ದಾರ್ಥ ಇದ್ದ. ಮದುವೆ, ನಾಮಕರಣಗಳಿಗೆ ಡ್ರೋನ್ ಹಾರಿಸಿ ಫೋಟೋ ತೆಗೆಯುತ್ತಿದ್ದ ಹುಡುಗ. ಚಾರ್ಜರು ಕೆಟ್ಟಾಗಲೆಲ್ಲ ಈ ಅಂಗಡಿಗೇ ಬರುತ್ತಿದ್ದ. ಹೋದ ವರ್ಷ ನಾಲೆಯಲ್ಲಿ ಹೆಣವಾಗಿ ಸಿಕ್ಕಿದ. ನೀರಿನಲ್ಲಿ ಬಹಳ ದಿನ ಇದ್ದುದರಿಂದ ಮುಖ ಗುರುತು ಹತ್ತಿರಲಿಲ್ಲ. ತಾಯಿ ಬಂದು ಅಂಗಿ ನೋಡಿ, ಕೈಯ ಬೆಳ್ಳಿ ಕಡಗ ನೋಡಿ ನನ್ನ ಮಗನೇ ಎಂದಳು. ಕಾಲು ಜಾರಿ ಬಿದ್ದದ್ದೆಂದು ಬರೆದು ಪೊಲೀಸರು ಕೈತೊಳೆದುಕೊಂಡರು. ಡ್ರೋನು ಮಾತ್ರ ಸಿಗಲೇ ಇಲ್ಲ.

ಸತ್ತವನ ಯಂತ್ರ ಎಂದ ಕೂಡಲೇ ಅಕ್ಷಿತಾ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಕಿತ್ತು ಎಸೆಯಿರಿ ಅಂಕಲ್, ನನಗೆ ನಾನು ಎಡಿಟ್ ಮಾಡುತ್ತಿರುವ ಮದುವೆ ವಿಡಿಯೋ ಸಿಕ್ಕಿದರೆ ಸಾಕು, ಬೀಗರೂಟದ ದಿನ ತೋರಿಸಬೇಕಂತೆ ಎಂದು ಗೋಗರೆದಳು.

ಯಶೋಧರಾ ಮಾತ್ರ ಯೋಚನೆಗೆ ಬಿದ್ದಳು. ಅಣ್ಣನ ಮಗಳ ಕೆಲಸ ಸಲೀಸಾಗಬೇಕಾದರೆ ಹಳೇದನ್ನು ಕೀಳಿಸಬೇಕು. ತನ್ನೊಳಗಿನ ಪೊಲೀಸಿನವಳು ಸುಮ್ಮನಾಗಬೇಕಾದರೆ ಹಳೇದನ್ನು ತೆರೆದು ನೋಡಬೇಕು. ಎರಡೂ ಬೇಡವೆಂದರೆ ಕುಮಾರ ಕೊಡುವುದನ್ನು ತಗೊಂಡು ಮನೆಗೆ ಹೋಗಿ ಹಾಲು ಕರೆಯಬೇಕು. ಮೂರಕ್ಕೆ ಮೂರೂ ಸರಿಯೆನ್ನಿಸಿತು, ಮೂರಕ್ಕೆ ಮೂರೂ ತಪ್ಪೆನ್ನಿಸಿತು.

“ಬೀಗ ಮುರೀದೆ ಒಳಗೆ ಇಣುಕಕ್ಕಾಯ್ತದಾ?” ಎಂದು ಕೇಳಿದಳು.

“ಮುಂಬಾಗ್ಲಿಗೆ ಬೀಗ ಐತೆ ಅಕ್ಕೋರೆ. ಹಿತ್ತಲಿಗೆ ಗೋಡೆನೇ ಇಲ್ಲ.”

ಏನನ್ನೂ ಅಳಿಸಕೂಡದು, ಏನನ್ನೂ ಸೇರಿಸಕೂಡದು, ಬರೀ ನೋಡಬೇಕು ಎಂದು ಅವಳು ಕಟ್ಟಪ್ಪಣೆ ಮಾಡಿದಳು. ಮೊದಲು ಅಕ್ಷಿತಾಳ ವಿಡಿಯೋಗಳನ್ನು ಬೇರೆ ಡಿಸ್ಕಿಗೆ ಇಳಿಸಿಕೊಡಿಸಿದಳು. ಅದಾದ ಮೇಲೆ ಮಹದೇವಸ್ವಾಮಿ ಹಳೇ ಡಿಸ್ಕನ್ನು ಹೊರತೆಗೆದು, ಒಂದು ಕೇಬಲ್ಲಿನಿಂದ ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ.

ಒಳಗೆ ಬರೀ ಮದುವೆಗಳು. ಛತ್ರದ ಮೇಲಿಂದ, ತೆಂಗಿನ ತೋಟದ ಮೇಲಿಂದ, ಕರಿಘಟ್ಟದ ಮೆಟ್ಟಿಲುಗಳ ಮೇಲೆ ಗಂಡು ಹೆಣ್ಣು ಕೈಹಿಡಿದು ಇಳಿಯುವುದನ್ನು ಆಕಾಶದಿಂದ ತೆಗೆದದ್ದು. ಹುಡುಗನ ಕೈಚಳಕ ಚೆನ್ನಾಗಿತ್ತು. ಇಂಥವನು ಕಾಲು ಜಾರಿ ಸತ್ತನಲ್ಲ ಎಂದು ಯಶೋಧರಾ ಮರುಗಿದಳು.

ಕಟ್ಟಕಡೆಯದಾಗಿ, ಆಕಾಶದಿಂದಲೇ ತೆಗೆದ ಒಂದೇ ಒಂದು ಫೋಟೋ ಬೇರೆಯಾಗಿ ಬಿದ್ದಿತ್ತು.

ಹೆಂಚಿನ ಮನೆ. ಅಂಗಳದಲ್ಲಿ ಶಾಮಿಯಾನ. ಪಂಕ್ತಿಯಲ್ಲಿ ಕೂತು ಉಣ್ಣುತ್ತಿರುವ ಜನ. ಬೇಲಿ ಪಕ್ಕ ಸಾಲಾಗಿ ನಿಲ್ಲಿಸಿದ ಗಾಡಿಗಳು. ಕೊಟ್ಟಿಗೆಯ ಹತ್ತಿರ ಬಿಳಿ ಸೀರೆ ಉಟ್ಟು ಒಬ್ಬಳೇ ನಿಂತ ಹೆಂಗಸು.

ಮಹದೇವಸ್ವಾಮಿ ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡ. ಮೂಗು ಪರದೆಗೆ ತಾಗುವಷ್ಟು ಬಗ್ಗಿದ.

“ಇದು ನನ್ನ ಸ್ಕೂಟರು,” ಅಂದ.

ಬೇಲಿ ಪಕ್ಕದ ಗಾಡಿಗಳಲ್ಲಿ ಒಂದರ ಸೀಟಿಗೆ ಗೊಬ್ಬರದ ಚೀಲ ಹೊದಿಸಿತ್ತು. ಅದೇ ಸ್ಕೂಟರು, ಅದೇ ಚೀಲ ಹೊದ್ದು ಅಂಗಡಿಯ ಮುಂದೆ ಈಗಲೂ ನಿಂತಿತ್ತು. ಯಶೋಧರಾ ತಿರುಗಿ ಅದನ್ನು ನೋಡಿದಳು, ಮತ್ತೆ ಪರದೆಯನ್ನು ನೋಡಿದಳು.

“ಯಾವ ಮನೆಯಪ್ಪ ಇದು?”

ಅವನ ದನಿ ಇಳಿದುಹೋಗಿತ್ತು. “ಆ ಮನೆಗೆ ನಾನು ಹೋಗಿದ್ದು ಒಂದೇ ಕಿತ. ಸಿದ್ದಾರ್ಥನ ತಿಥಿಗೆ.”

ಹೊರಗೆ ಬಸ್ಸೊಂದು ಹಾರನ್ ಹೊಡೆದುಕೊಂಡು ಹೋಯಿತು.

ಫೋಟೋದ ಕೆಳಗೆ ಸಿದ್ದಾರ್ಥ ಸತ್ತ ಮೇಲಿನ ತಾರೀಖೇ ಇತ್ತು. ದಿನಾಂಕ ತಪ್ಪಿರಬಹುದು ಅತ್ತೆ ಎಂದಳು ಅಕ್ಷಿತಾ. ಬ್ಯಾಟರಿ ಮುಗಿದರೆ ಯಂತ್ರಗಳು ತಾರೀಖು ತಪ್ಪಿಸುತ್ತವಂತೆ. ಯಶೋಧರಾಗೂ ಹಾಗೇ ಅನ್ನಿಸಬೇಕೆಂದು ಆಸೆಯಾಯಿತು. ಆದರೆ ತಾರೀಖು ಸುಳ್ಳಾಡಬಹುದು, ಶಾಮಿಯಾನ ಸುಳ್ಳಾಡುವುದಿಲ್ಲ. ತಿಥಿಯ ಊಟ ತಿಥಿಯ ದಿನವೇ ನಡೆದದ್ದು. ಅದನ್ನು ಮೇಲಿನಿಂದ ಯಾರೋ ನೋಡಿದ್ದಾರೆ. ನೋಡಿದ್ದನ್ನು ತಂದು, ಸತ್ತವನ ಪಾಸ್‌ವರ್ಡಿನ ಹಿಂದೆ ಇಟ್ಟಿದ್ದಾರೆ.

ಅವತ್ತು ಅಲ್ಲಿ ಫೋಟೋದವರು ಯಾರಾದರೂ ಇದ್ದರಾ ಎಂದು ಕೇಳಿದಳು. ತಿಥಿಗೆ ಯಾರು ಫೋಟೋ ತೆಗೆಸುತ್ತಾರೆ ಎಂದು ಮಹದೇವಸ್ವಾಮಿ ತಿರುಗಿ ಕೇಳಿದ. ಮೇಲೆ ಏನಾದರೂ ಸದ್ದು ಕೇಳಿಸಿತಾ ಎಂದಳು. ಪಾಯಸ ಬಡಿಸುತ್ತಿದ್ದರು, ತಾನು ಎಲೆಯಿಂದ ತಲೆ ಎತ್ತಿರಲಿಲ್ಲ ಎಂದ.

ಅಕ್ಷಿತಾ ಪರದೆಯ ಮೇಲಿನ ಆ ಫೋಟೋವನ್ನು ತನ್ನ ಫೋನಿನಲ್ಲಿ ತೆಗೆದುಕೊಂಡಳು.

“ಈಗ ಏನ್ ಮಾಡ್ಲಿ ಇದ? ಬಿಗಿ ಮಾಡ್ಲಾ, ಕಿತ್ತಾಕ್ಲಾ?” ಎಂದು ಮಹದೇವಸ್ವಾಮಿ ಡಿಸ್ಕು ಹಿಡಿದುಕೊಂಡು ಕೂತ.

“ಎಂಗಿತ್ತೋ ಅಂಗೇ ಮಡಗಪ್ಪ,” ಅಂದಳು ಯಶೋಧರಾ. “ಕೆಟ್ಟಿರೋದು ವಸಿ ದಿನ ಕೆಟ್ಟಂಗೇ ಇರ್ಲಿ.”

*

ಪಾಂಡವಪುರದ ದಾರಿಯುದ್ದಕ್ಕೂ ಅತ್ತೆ ಸೊಸೆ ಇಬ್ಬರೂ ಒಂದೇ ಕಥೆಯನ್ನು ಹತ್ತು ಥರ ಹೊಸೆದು ನೋಡಿದರು. ಡ್ರೋನನ್ನು ಯಾರೋ ಕದ್ದಿದ್ದರೆ? ಕದ್ದವನು ತಿಥಿಗೆ ಬಂದು ಅದನ್ನು ಹಾರಿಸುವಷ್ಟು ಹುಚ್ಚನಾ? ಹಾರಿಸಿದರೂ ಫೋಟೋ ಈ ಡಿಸ್ಕಿಗೆ ಹೇಗೆ ಬಂತು? ಹೆಣೆದಷ್ಟೂ ದಾರ ಸಿಕ್ಕುಬಿತ್ತು. ಕಬ್ಬಿನ ಲಾರಿಯೊಂದು ಮುಂದೆ ಹೋಗುತ್ತಿತ್ತು. ಅದನ್ನು ಹಿಂದೆ ಹಾಕುವುದನ್ನೂ ಮರೆತು ಯಶೋಧರಾ ಬಹಳ ದೂರ ಅದರ ಬಾಲ ಹಿಡಿದೇ ವ್ಯಾನು ಓಡಿಸಿದಳು.

ಕುಮಾರನ ಅಂಗಡಿ ಕೆ.ಆರ್. ಪೇಟೆಯದಕ್ಕಿಂತ ದೊಡ್ಡದು. ಗಾಜಿನ ಬಾಗಿಲು, ಒಳಗೆ ಫ್ಯಾನು. ಇವರನ್ನು ಕಂಡದ್ದೇ ಎದ್ದುನಿಂತ. ಅವನ ಕಣ್ಣು ಅಕ್ಷಿತಾಳ ಹೆಗಲ ಬ್ಯಾಗಿನ ಮೇಲೇ ಇತ್ತು.

“ತಂದ್ರಾ ಮೇಡಂ?”

“ತಂದಿದೀವಿ. ಕೊಡಾದಾ ಬ್ಯಾಡ್ವಾ ಅಂತ ಮನ್ಸು ಮಾಡಿಲ್ಲ.”

ಅವನು ತಡಮಾಡದೆ ಕೆಳಗಿನಿಂದ ಒಂದು ಲ್ಯಾಪ್‌ಟಾಪು ತೆಗೆದಿಟ್ಟ. ದೊಡ್ಡ ಪರದೆ, ಮಿಂಚುವ ಮೈ. ಅಕ್ಷಿತಾ ತನಗೆ ಅರಿವಿಲ್ಲದೆಯೇ ಅದರ ಕೀಲಿಗಳ ಮೇಲೆ ಬೆರಳಾಡಿಸಿದಳು. ಇದರಲ್ಲಾದರೆ ತನ್ನ ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ ಎಂದು ಅವಳ ಮುಖವೇ ಹೇಳುತ್ತಿತ್ತು. ಯಶೋಧರಾಳ ಮನಸ್ಸೂ ಒಂದು ಗಳಿಗೆ ವಾಲಿತು. ಹುಡುಗಿಗೆ ಒಳ್ಳೆಯದು ಸಿಗುತ್ತದೆ. ಸತ್ತವನ ಗೋಜು ನಮಗ್ಯಾಕೆ?

ಅವಳು ಸ್ಟೂಲು ಎಳೆದುಕೊಂಡು ಕೂತಳು.

“ಕುಮಾರಪ್ಪ, ಈ ಕೂಸು ಮೊದ್ಲು ಕೆಟ್ಟೋಗದೆ ಅಂತ ತಂದಾಗ ಏನಂದೆ ನೀನು?”

ಅವನು ನೆನಪಿಲ್ಲ ಎಂದ.

“ಗ್ಯಾರಂಟಿ ಮುಗಿದೋಯ್ತು, ನಮ್ಗೂ ಅದಕ್ಕೂ ಸಂಬಂಧ ಇಲ್ಲ ಅಂದೆ. ಇವಾಗ ನೋಡುದ್ರೆ ದಿನಾ ಫೋನ್ ಮಾಡ್ತೀಯ. ನಡುವೆ ಏನಾಯ್ತು?”

“ಅಂಗಡಿ ಹೆಸರು ಕೆಡಬಾರದಲ್ವಾ ಮೇಡಂ.”

“ಹೆಸರು ಕೆಡಾದಾಗಿದ್ರೆ ಅವಾಗ್ಲೇ ಕೆಟ್ಟಿರೋದು.”

ಕುಮಾರ ಪರದೆಯ ಮೇಲಿಲ್ಲದ ಧೂಳನ್ನು ಒರೆಸಿದ. ಯಶೋಧರಾ ಸುಮ್ಮನೆ ಕೂತಳು. ಠಾಣೆಯಲ್ಲಿ ಕಲಿತ ವಿದ್ಯೆಯದು. ಎದುರಿನವರಿಗೆ ಮಾತಿನ ಪೆಟ್ಟಿಗಿಂತ ಮೌನದ ಭಾರ ಜಾಸ್ತಿ.

“ಕೊಟ್ಟೋರೇ ವಾಪಸ್ ಕೇಳ್ತಾವ್ರೆ,” ಎಂದ ಕೊನೆಗೆ.

“ಯಾರು, ಸಿದ್ದಾರ್ಥನಾ?”

ಅವನು ಗಲಿಬಿಲಿಗೊಂಡು ಅವಳ ಮುಖ ನೋಡಿದ. ಅದು ನಟನೆಯಲ್ಲ ಎಂದು ಅವಳಿಗೆ ಗೊತ್ತಾಯಿತು. “ಅವ್ನು ತೀರ್ಕೊಂಡಿಲ್ವಾ ಮೇಡಂ? ಅವರವ್ವ. ಪುಟ್ಟಗೌರಮ್ಮ.”

ಆಮೇಲೆ ಎಲ್ಲ ಹೇಳಿದ. ಮಗನ ತಿಥಿಯಾದ ಮೇಲೆ ಆ ಹೆಂಗಸೇ ಇದನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ತಂದಿತ್ತು. ಚಾಲೂ ಆಗುತ್ತಿರಲಿಲ್ಲ. ಡಿಸ್ಕು ಸತ್ತಿದೆಯೆಂದುಕೊಂಡು ಇವನು ಹೊಸದೊಂದನ್ನು ಕೂರಿಸಿ, ಹಳೇದನ್ನು ತೆಗೆಯುವ ತೊಂದರೆ ಯಾಕೆಂದು ಒಳಗೇ ಬಿಟ್ಟು, ಅಕ್ಷಿತಾಗೆ ಮಾರಿದ್ದ. ಈಚೆಗೆ ಆ ಹೆಂಗಸು ಮತ್ತೆ ಬಂತು. ಬಂದದ್ದು ಹೋಗಲೇ ಇಲ್ಲ. ದಿನಾ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂರುತ್ತಿತ್ತು. ಮಗನ ನೆನಪು ಅದರಲ್ಲಿದೆ, ಏನಾದರೂ ಮಾಡಿ ಇಸಕೊಡು ಎನ್ನುತ್ತಿತ್ತು. ಈ ಹೊಸ ಯಂತ್ರದ ದುಡ್ಡನ್ನೂ ಅದೇ ಕೊಟ್ಟಿದೆ.

ಯಶೋಧರಾಳ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಷ್ಟೇನಾ? ಮಗನನ್ನು ಕಳೆದುಕೊಂಡ ತಾಯಿ, ಮಗ ಮುಟ್ಟಿದ ಸಾಮಾನು ಬೇಕೆನ್ನುತ್ತಾಳೆ. ಅದಕ್ಕಿಂತ ಸಹಜವಾದದ್ದು ಇನ್ನೇನಿದೆ? ಕೊಟ್ಟುಬಿಡೋಣ ಮಗ, ಎನ್ನಲು ಅಕ್ಷಿತಾಳ ಕಡೆ ತಿರುಗಿಯೂ ಬಿಟ್ಟಳು.

ಆದರೆ ಬಾಯಲ್ಲಿ ಬಂದದ್ದು ಬೇರೆ. “ಆ ಯಮ್ಮಂಗೆ ಎಲ್ಲಿಂದ ಬಂತಪ್ಪ ಅಷ್ಟೊಂದು ದುಡ್ಡು?”

“ಎಮ್ಮೆ ಮಾರುದ್ರಂತೆ ಮೇಡಂ.”

“ಗೊಡ್ಡು ಬಿದ್ದಿತ್ತಾ?”

“ಇಲ್ಲ, ಆಗ ತಾನೆ ಕರು ಹಾಕಿತ್ತಂತೆ. ನನಗೇ ಪಾಪ ಅನ್ನಿಸ್ತು.”

ಇಳಿದ ಕಲ್ಲು ಮತ್ತೆ ಏರಿತು. ಹಸು ಎಮ್ಮೆಯ ವಿಷಯ ಯಶೋಧರಾಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊಸದಾಗಿ ಕರು ಹಾಕಿ ಹಾಲು ಕರೆಯುತ್ತಿರುವ ಎಮ್ಮೆಯೆಂದರೆ ಒಂಟಿ ಹೆಂಗಸಿಗೆ ಅನ್ನ. ಅದನ್ನು ಮಾರಿ ಕೆಟ್ಟ ಪೆಟ್ಟಿಗೆ ತರುವ ಹೆಂಗಸಿಗೆ ಬೇಕಾಗಿರುವುದು ನೆನಪಲ್ಲ. ಅವಳ ಹಿಂದೆ ಯಾವುದೋ ಬೆಂಕಿ ಬಿದ್ದಿದೆ.

“ಫೋಟೋ ತಾನೆ, ತೆಗೆಸ್ಕೊಡ್ತೀನಿ ಅನ್ನಲಿಲ್ವಾ ನೀನು?”

“ಅಂದೆ ಮೇಡಂ. ದೊಡ್ಡದಾಗಿ ಪ್ರಿಂಟು ಹಾಕಿಸಿ ಕೊಡ್ತೀನಿ ಅಂದೆ. ಬೇಡ್ವಂತೆ. ಒಳಗಿರೋದ ಯಾರೂ ನೋಡಕೂಡದು, ಪೆಟ್ಟಿಗೆ ಅಂಗೇ ಬೇಕು ಅಂದ್ರು.”

“ಕೊಂಡೋರು ಯಾರು ಅಂತ ಯೋಳಿದೀಯಾ?”

ಕುಮಾರ ತಲೆ ತಗ್ಗಿಸಿದ. ಕಿರಂಗೂರಿನವರು ಎಂದು ಹೇಳಿದ್ದ. ಮನೆ ಹಾಲಿನ ಡೇರಿ ಪಕ್ಕ ಎಂದೂ ಹೇಳಿದ್ದ.

ಅಕ್ಷಿತಾ ಮಿಂಚುವ ಲ್ಯಾಪ್‌ಟಾಪಿನ ಮೇಲಿಂದ ಕೈ ತೆಗೆದಳು.

*

ಮತ್ತೆ ಕೆ.ಆರ್. ಪೇಟೆ ದಾಟಿ ಸಂತೆಬಾಚಹಳ್ಳಿ ಸೇರುವಾಗ ಬಿಸಿಲು ಇಳಿಮುಖವಾಗಿತ್ತು. ಹೆಂಚಿನ ಮನೆಯನ್ನು ಯಾರಿಗೂ ಕೇಳಬೇಕಾಗಲಿಲ್ಲ. ಮೇಲಿನಿಂದ ನೋಡಿದ್ದನ್ನೇ ಈಗ ಕೆಳಗಿನಿಂದ ನೋಡುತ್ತಿದ್ದರು. ಬೇಲಿ ಅದೇ, ಅಂಗಳ ಅದೇ. ಕೊಟ್ಟಿಗೆಯಲ್ಲಿ ಗೂಟ ಮಾತ್ರ ಇತ್ತು.

ಪುಟ್ಟಗೌರಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಒಣಕಲು ದೇಹ, ಬಿಗಿದ ತುಟಿ. ಯಾರೆಂದು ಕೇಳುವ ಮುಂಚೆಯೇ ಅವಳ ದೃಷ್ಟಿ ಬ್ಯಾಗಿಗೆ ಹೋಯಿತು. ಸೆರಗಿನಿಂದ ಜಗಲಿ ಒರೆಸಿ ಕೂರಿಸಿದಳು. ಒಳಗಿನಿಂದ ಮಜ್ಜಿಗೆ ತಂದುಕೊಟ್ಟಳು. ನೆರೆಮನೆಯಿಂದ ತಂದದ್ದೆಂದು ಕೇಳದೆಯೇ ಹೇಳಿದಳು.

ತೆರೆದ ಬಾಗಿಲಿನಿಂದ ಒಳಗಿನ ಗೋಡೆ ಕಾಣುತ್ತಿತ್ತು. ಗಂಡನ ಫೋಟೋಕ್ಕೆ ಕುಂಕುಮ ಇತ್ತು, ಒಣಗಿದ ಹಾರ ಇತ್ತು. ಪಕ್ಕದಲ್ಲೇ ನಗುತ್ತ ನಿಂತ ಮಗನ ಫೋಟೋಕ್ಕೆ ಎರಡೂ ಇರಲಿಲ್ಲ. ಯಶೋಧರಾ ಅದನ್ನು ಕಂಡಳು. ಏನರ್ಥ ಮಾಡಿಕೊಳ್ಳಬೇಕೋ ತಿಳಿಯದೆ ಮಜ್ಜಿಗೆ ಕುಡಿದಳು.

ತಾವು ಯಾರು, ಯಂತ್ರ ಹೇಗೆ ಬಂತು ಎಂದೆಲ್ಲ ಹೇಳಿ ಮುಗಿಸಿದ ಮೇಲೆ ಪುಟ್ಟಗೌರಮ್ಮ ಅದೇ ಮಾತು ಹೇಳಿದಳು. ಮಗನ ನೆನಪು ಕಣವ್ವ. ಕೊಟ್ಟುಬುಡಿ. ಕುಮಾರನ ತಾವ ಇದಕ್ಕಿಂತ ಒಳ್ಳೇದು ಮಡಗಿವ್ನಿ.

“ಬನ್ನಿ, ಅಂಗಾರೆ ಒಂದ್ಗಳಿಗೆ ನೋಡಣ,” ಅಂದಳು ಯಶೋಧರಾ. “ನಿಮ್ಮಗ ತೆಗೆದಿರೋ ಫೋಟೋಗಳೆಲ್ಲ ಐತೆ.”

“ನೋಡಾದೇನೂ ಬ್ಯಾಡ.”

“ನೆನಪು ಅಂತೀರಿ. ನೋಡಾದು ಬ್ಯಾಡ ಅಂತೀರಿ.”

ಪುಟ್ಟಗೌರಮ್ಮನ ಕೈ ಅವರೆಕಾಯಿಯ ಮೇಲೆ ಓಡುತ್ತಲೇ ಇತ್ತು. ಆದರೆ ಕಾಳು ಸಿಪ್ಪೆಯ ಗುಡ್ಡೆಗೂ, ಸಿಪ್ಪೆ ಕಾಳಿನ ಮೊರಕ್ಕೂ ಬೀಳುತ್ತಿದ್ದವು.

ಅಕ್ಷಿತಾ ಅತ್ತೆಯ ಮುಖ ನೋಡಿದಳು. ಯಶೋಧರಾ ತಲೆಯಾಡಿಸಿದಳು. ಹುಡುಗಿ ಫೋನು ತೆಗೆದು ಆ ಫೋಟೋವನ್ನು ಮುದುಕಿಯ ಮುಂದೆ ಹಿಡಿದಳು.

ಚೀರುತ್ತಾಳೆ ಎಂದುಕೊಂಡಿದ್ದಳು ಯಶೋಧರಾ. ಇಲ್ಲವೇ ಅಳುತ್ತಾಳೆ, ಇಲ್ಲವೇ ಇದ್ಯಾರು ತೆಗೆದದ್ದು ಎಂದು ಕೇಳುತ್ತಾಳೆ. ಸಾವಿನ ಮನೆಗಳನ್ನು ಬೇಕಾದಷ್ಟು ಕಂಡವಳು ಅವಳು. ಪುಟ್ಟಗೌರಮ್ಮ ಅದೊಂದನ್ನೂ ಮಾಡಲಿಲ್ಲ. ಬಿಳಿ ಸೀರೆಯ ಹೆಂಗಸಿನ ಮೇಲೆ ಬೆರಳಿಟ್ಟು, ಇದು ನಾನು ಎಂದಳು. ಆಮೇಲೆ ಎದ್ದು, ರಸ್ತೆಯ ಆಚೆ ಈಚೆ ನೋಡಿ, ಇ‌ಬ್ಬರನ್ನೂ ಒಳಕ್ಕೆ ಕರೆದು ಬಾಗಿಲು ಮುಂದೆ ಮಾಡಿದಳು.

ಒಳಗೆ ಮಬ್ಬುಗತ್ತಲು. ಯಶೋಧರಾ ಬ್ಯಾಗನ್ನು ಮಡಿಲಿಗೆಳೆದುಕೊಂಡಳು.

“ಈ ಪೆಟ್ಟಿಗೆ ನಿಮಗೆ ಬ್ಯಾಡ,” ಅಂದಳು. “ನಿಮ್ಮ ಕೈಲಿ ಕೇಳಿಸ್ತಿರೋರು ಯಾರು?”

“ಕೆಟ್ಟೋಗಿತ್ತಲ್ಲ, ಯಾವ ಕಾಲಕ್ಕೂ ಏಳಾಕಿಲ್ಲ ಅಂದ್ಕೊಂಡು ಮಾರ್ಬುಟ್ಟೆ. ಮಾರ್ಬಾರ್ದಾಗಿತ್ತು.” ಮುದುಕಿಯ ದನಿ ತನ್ನೊಳಗೇ ಮಾತಾಡಿಕೊಂಡಂತಿತ್ತು. “ಮಾರಿದ್ದು ಗೊತ್ತಾದಾಗಿಂದ ನಿದ್ದೆ ಮಾಡಾಕೆ ಬುಟ್ಟಿಲ್ಲ ನನ್ನ.”

“ಯಾರು?”

ಪುಟ್ಟಗೌರಮ್ಮ ಅಕ್ಷಿತಾಳ ಕೈಯಲ್ಲಿದ್ದ ಫೋನಿನ ಕಡೆ ಗದ್ದ ಎತ್ತಿ ತೋರಿಸಿದಳು.

“ಅದ್ರಲ್ಲಿ ಯಾರ ತಿಥಿ ಊಟ ನೋಡ್ದೆ ನೀನು?”

ಯಶೋಧರಾ ಗೋಡೆಯ ಮೇಲೆ ನಗುತ್ತಿದ್ದ ಮಗನ ಫೋಟೋದ ಕಡೆ ತಿರುಗಿದಳು.

“ಅವ್ನೇ ಕಣವ್ವ.”

ಅಕ್ಷಿತಾ ಅತ್ತೆಯ ತೋಳು ಹಿಡಿದುಕೊಂಡಳು. ಯಶೋಧರಾಳ ತಲೆಯೊಳಗೆ ಅಂಗಿ, ಕಡಗ, ಗುರುತು ಹತ್ತದ ಮುಖ, ಹಾರವಿಲ್ಲದ ಫೋಟೋ ಎಲ್ಲ ಒಂದರ ಮೇಲೊಂದು ಬಿದ್ದವು. ಯಾವುದನ್ನು ಮೊದಲು ಹಿಡಿಯಬೇಕೆಂದು ತಿಳಿಯಲಿಲ್ಲ. ಬಾಯಿಗೆ ಬಂದದ್ದನ್ನು ಕೇಳಿದಳು.

“ಅಂಗಾರೆ ನೀವು ಅವತ್ತು ಮಣ್ಣು ಮಾಡಿದ್ದು ಯಾರನ್ನ?”

ಮುದುಕಿ ಬಾಗಿಲ ಸಂದಿಯಿಂದ ಹೊರಗೆ ನೋಡಿದಳು. ಬೇಲಿಯಾಚೆ ಬೈಕೊಂದು ನಿಧಾನವಾದ ಸದ್ದು. ಅದು ಮುಂದಕ್ಕೆ ಹೋಗಲಿಲ್ಲ.

“ಅದ ಕೇಳೋ ಧೈರ್ಯ ನಂಗೆ ಇವತ್ತಿಗೂ ಬಂದಿಲ್ಲ,” ಎಂದಳು ಪುಟ್ಟಗೌರಮ್ಮ. “ನೀನು ಪೋಲೀಸ್ನೋಳು. ಬಂದ ನೋಡು. ನೀನೇ ಕೇಳು.”